‘ಪೂರ್ತಿ ಬಿಲ್ಲೆ, ಮುರಿದಿಲ್ಲ’ ಎಂದು ಬರೆದಿದ್ದರೆ ಕೊಳ್ಳಬೇಡಿ

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ನನ್ನಂತೆ ಹಳೆಯ ಯುದ್ಧಸಾಮಗ್ರಿ ಕೂಡಿಡುವ ಹುಚ್ಚು ಇರುವವರು ಓದಲಿ ಎಂದು ಬರೆಯುತ್ತಿದ್ದೇನೆ.

ವರ್ಷಗಟ್ಟಲೆ ಬಟನ್, ಬಕಲ್, ಖಾಲಿ ಕಾಡತೂಸು ಇಷ್ಟರಲ್ಲೇ ಇದ್ದವನು ನಾನು. ಹೋದ ವರ್ಷ ಆನ್‌ಲೈನ್‌ನಲ್ಲಿ ಒಬ್ಬನಿಂದ ಒಂದು ಲಾಟ್ ತರಿಸಿದೆ. ಎರಡನೇ ಮಹಾಯುದ್ಧದ ಜರ್ಮನ್ ಸೈನಿಕನೊಬ್ಬನ ಗುರುತಿನ ಬಿಲ್ಲೆ, ಬೆಲ್ಟಿನ ಬಕಲ್, ನಾಲ್ಕು ಬಟನ್, ಹಿತ್ತಾಳೆಯ ಒಂದು ಷೆಲ್ ಫ್ಯೂಸ್ (ಫಿರಂಗಿ ಗುಂಡನ್ನು ಸಿಡಿಸುವ ಭಾಗ). ವಿವರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದ: ‘ನೆಲದಿಂದ ತೆಗೆದದ್ದು. ಪೂರ್ತಿ ಬಿಲ್ಲೆ, ಮುರಿದಿಲ್ಲ.’ ಪೂರ್ತಿ ಬಿಲ್ಲೆಗೆ ಬೇಡಿಕೆ ಹೆಚ್ಚು, ಅದು ನನಗೂ ಗೊತ್ತಿತ್ತು. ಅದು ಮುರಿಯದೆ ಯಾಕೆ ಉಳಿಯಿತು ಎಂದು ಮಾತ್ರ ಒಮ್ಮೆಯೂ ಯೋಚಿಸಿರಲಿಲ್ಲ.

ಆ ಬಿಲ್ಲೆ ಮೊಟ್ಟೆಯಾಕಾರದ ಒಂದು ತಗಡು. ನಟ್ಟನಡುವೆ ಅಡ್ಡಕ್ಕೆ ಸೀಳುಗಳಿರುತ್ತವೆ, ಕೈಯಿಂದಲೇ ಮುರಿಯಲು ಬರುವಂತೆ. ಎರಡೂ ಅರ್ಧದಲ್ಲಿ ಅದೇ ಅಕ್ಷರ, ಅದೇ ಅಂಕಿ: ತುಕಡಿಯ ಹೆಸರು, ಪಟ್ಟಿಯಲ್ಲಿ ಅವನ ಕ್ರಮಸಂಖ್ಯೆ, ರಕ್ತದ ಗುಂಪು. ಹೆಸರು ಇರುವುದಿಲ್ಲ. ಸೈನಿಕ ಸತ್ತಾಗ ಕೆಳಗಿನ ಅರ್ಧ ಮುರಿದು ಕಚೇರಿಗೆ ಕಳಿಸುತ್ತಿದ್ದರು, ಮೇಲಿನ ಅರ್ಧ ಕೊರಳಲ್ಲೇ ಇಟ್ಟು ಹೂಳುತ್ತಿದ್ದರು. ಹಾಗಾದರೆ ನೆಲದಿಂದ ಇಡಿಯಾಗಿ ಮೇಲೆ ಬಂದ ಬಿಲ್ಲೆ? ಕಳೆದುಕೊಂಡವನು ಬದುಕಿ ಮನೆಗೆ ಹೋಗಿರಲೂಬಹುದು. ಇಲ್ಲವೇ ಅವನು ಬಿದ್ದದ್ದನ್ನು ಯಾರೂ ನೋಡಲಿಲ್ಲ, ಯಾರೂ ಮುರಿಯಲಿಲ್ಲ, ದಾಖಲೆಯಲ್ಲಿ ಅವನು ಇವತ್ತಿಗೂ ‘ಕಾಣೆ’. ಮಾರುವವರೆಲ್ಲ ಮೊದಲನೆಯದನ್ನೇ ಹೇಳುತ್ತಾರೆ.

ನಮ್ಮವನೂ ಹೇಳಿದ. ಪೊಟ್ಟಣ ಬಂದ ಮೇಲೆ ಬಿಲ್ಲೆಯ ತೂತಿನಲ್ಲಿ ದಾರದ ಒಂದೆಳೆ ಸಿಕ್ಕಿಕೊಂಡಿದ್ದು ಕಂಡಿತು. ಕುತೂಹಲಕ್ಕೆ ಮೆಸೇಜು ಹಾಕಿದೆ: ಬಕಲ್ಲು, ಬಿಲ್ಲೆ ಎರಡೂ ಒಂದೇ ಕಡೆ ಸಿಕ್ಕಿದ್ದೋ? ‘ಒಂದೇ ಗುಂಡಿಯಲ್ಲಿ. ಅದಕ್ಕೇ ಸೆಟ್ ಆಗಿ ಕೊಟ್ಟಿದ್ದು, ಒಡೆಯಬೇಡಿ’ ಎಂದ, ಹೆಮ್ಮೆಯಿಂದಲೇ. ಉಳಿದದ್ದು ಏನಾಯಿತು ಎಂದು ಕೇಳಿದೆ.

‘ಅದನ್ನು ಯಾರೂ ಕೊಳ್ಳುವುದಿಲ್ಲ.’

ಆ ಸಾಲು ಓದಿ ಫೋನು ಕೆಳಗಿಟ್ಟೆ. ಯಾವ ಜಾಗ ಎಂಬುದನ್ನು ಮಾತ್ರ ಎಷ್ಟು ಕೇಳಿದರೂ ಹೇಳಲಿಲ್ಲ. ನನಗೆ ಕೊಟ್ಟಾಗ ಲಾಟ್ವಿಯಾದ ಕುರ್ಲ್ಯಾಂಡ್ ಎಂದಿದ್ದ, ಒಂದು ತಿಂಗಳಲ್ಲಿ ಫೋಟೋದಲ್ಲಿ ಅಂಥದ್ದೇ ಮೇಜುಬಟ್ಟೆಯ ಮೇಲಿಟ್ಟ ಮತ್ತೊಂದು ಸೆಟ್ಟಿಗೆ ರಷ್ಯಾದ ಸ್ಟಾಲಿನ್‌ಗ್ರಾಡ್ ಎಂದು ಹಾಕಿದ. (ಈ ಮಾರುಕಟ್ಟೆಯಲ್ಲಿ ಎಲ್ಲವೂ ಒಂದಲ್ಲ ಒಂದು ದಿನ ಸ್ಟಾಲಿನ್‌ಗ್ರಾಡಿನದೇ ಆಗುತ್ತದೆ.)

ಹೀಗೆ ಮಾರಲೆಂದು ಅಗೆದಾಗ ಗುಂಡಿಯಲ್ಲಿ ಏನು ಉಳಿಯುತ್ತದೆ ನೋಡಿ. ಹೆಲ್ಮೆಟ್ಟು, ಬಕಲ್ಲು, ಉಂಗುರ, ಬಿಲ್ಲೆ ಎಲ್ಲ ಎತ್ತಿಕೊಂಡು ಮೂಳೆ ಮೇಲೆ ಮಣ್ಣು ಎಳೆದು ಹೋಗುತ್ತಾರೆ. ಜರ್ಮನಿಯಲ್ಲಿ ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಫೋಲ್ಕ್ಸ್‌ಬುಂಡ್ 1919ರಿಂದ ಇದೆ, ಅವರ ಜನ ಇಂದಿಗೂ ಪೂರ್ವ ಯುರೋಪಿನಲ್ಲಿ ದೇಹ ಹುಡುಕಿ ತೆಗೆದು ಗೌರವದಿಂದ ಮಣ್ಣು ಮಾಡುತ್ತಾರೆ. ಮುಂದೆ ಯಾವತ್ತೋ ಅವರು ಆ ಜಾಗಕ್ಕೆ ಬಂದರೆ ಸಿಗುವುದು ಬರಿಯ ಅಸ್ಥಿಪಂಜರ. ಯಾರೆಂದು ಹೇಳಬಹುದಾಗಿದ್ದ ಒಂದೇ ವಸ್ತು ನನ್ನ ಗಾಜಿನ ಬೀರುವಿನಲ್ಲಿ ಇರುತ್ತದೆ.

ಸೋವಿಯತ್ ಸೈನಿಕರದು ಇನ್ನೂ ನಾಜೂಕು. ಅವರ ಬಳಿ ಇರುತ್ತಿದ್ದದ್ದು ತಿರುಪಿನ ಮುಚ್ಚಳದ ಸಣ್ಣ ಕರಿ ಡಬ್ಬಿ, ಒಳಗೆ ಹೆಸರು ಊರು ಬರೆದ ಕಾಗದದ ಚೂರು. ಬರೆದಿಟ್ಟರೆ ಸಾವು ಬರುತ್ತದೆ ಎಂದು ಖಾಲಿ ಬಿಟ್ಟವರೂ ಇದ್ದರಂತೆ. ಬರೆದವರ ಕಾಗದ ಇಷ್ಟು ವರ್ಷ ಒದ್ದೆ ನೆಲದಲ್ಲಿದ್ದ ಮೇಲೆ ಪರಿಣತರ ಕೈಗೇ ನಿಲ್ಲುವುದು ಕಷ್ಟ. ರಾತ್ರಿ ಟಾರ್ಚ್ ಹಿಡಿದು ಬಂದವನು ತಿರುವಿ ತೆಗೆದರೆ ಅಲ್ಲೇ ಪುಡಿ. ರಷ್ಯಾದಲ್ಲಿ ಇಂಥವರನ್ನು ‘ಕಪ್ಪು ಅಗೆತಗಾರರು’ ಎಂದೇ ಕರೆಯುತ್ತಾರೆ.

‘ನಾವು ಅಗೆಯದಿದ್ದರೆ ತುಕ್ಕು ತಿಂದು ಹೋಗುತ್ತಿತ್ತು’ ಎಂಬ ವಾದ ಬರುತ್ತದೆ. ಪೂರ್ತಿ ಸುಳ್ಳಲ್ಲ. ಉಳುಮೆ, ಗೊಬ್ಬರ ಎರಡೂ ಲೋಹವನ್ನು ತಿನ್ನುತ್ತವೆ. ಮೆಟಲ್ ಡಿಟೆಕ್ಟರನ್ನೇ ದೂರುವುದೂ ತಪ್ಪು. ಅಮೆರಿಕದ ಲಿಟಲ್ ಬಿಗ್‌ಹಾರ್ನ್‌ನಲ್ಲಿ 1876ರ ಕದನದ ನೆಲ 1983ರಲ್ಲಿ ಬೆಂಕಿ ಬಿದ್ದು ಬಯಲಾಯಿತು. ಮರುವರ್ಷ ಪುರಾತತ್ವಜ್ಞರು ಡಿಟೆಕ್ಟರ್ ಹಿಡಿದ ಸ್ವಯಂಸೇವಕರನ್ನೇ ಸಾಲಾಗಿ ನಡೆಸಿದರು. ಸಿಕ್ಕ ಒಂದೊಂದು ಖಾಲಿ ಕಾಡತೂಸಿಗೂ ಬಾವುಟ ನೆಟ್ಟು ಜಾಗ ಗುರುತಿಸಿದರು. ಕಾಡತೂಸಿನ ಹಿಂಬದಿಯಲ್ಲಿ ಬಂದೂಕಿನ ಮೊಳೆ ಬಡಿದ ಗುರುತು ಹೋಲಿಸಿ, ಒಂದೇ ಬಂದೂಕು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಬಿಡಿಸಿ ಹೇಳಿದರು. ಅದೇ ಕಾಡತೂಸುಗಳನ್ನು ಯಾರಾದರೂ ಆರಿಸಿ ಡಬ್ಬಿಗೆ ತುಂಬಿ ಮಾರಿದ್ದರೆ ತೂಕದ ಹಿತ್ತಾಳೆ, ಅಷ್ಟೇ. ನನ್ನ ಡಬ್ಬಿಯಲ್ಲಿ ಇರುವುದು ಅದೇ.

ಫ್ಯೂಸಿನ ಕಥೆ ಬೇಗ ಮುಗಿಸುತ್ತೇನೆ. ‘ನಿಷ್ಕ್ರಿಯ’ ಎಂದು ಬರೆದಿತ್ತು, ನಂಬಿದೆ, ಓದುವ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿದ್ದೆ. ತಿಳಿದವರೊಬ್ಬರು ಫೋಟೋ ನೋಡಿದವರೇ ‘ಮುಟ್ಟಬೇಡ, ಕೋಣೆಯಿಂದ ಹೊರಗೆ ಬಾ’ ಎಂದರು. ಪೊಲೀಸರು ಬಂದರು, ಬಾಂಬ್ ದಳದವರು ಎತ್ತಿಕೊಂಡು ಹೋದರು. ಟಪಾಲಿನಲ್ಲಿ ಇದು ಹೇಗೆ ಬಂತು ಎಂದು ಕೇಳಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಅಂತರ್ಯುದ್ಧ ಕಾಲದ ಫಿರಂಗಿ ಗುಂಡನ್ನು ಶುಚಿ ಮಾಡುತ್ತಿದ್ದ ಅನುಭವಿ ಸಂಗ್ರಾಹಕನೇ ಅದು ಸಿಡಿದು ಸತ್ತ. 2014ರಲ್ಲಿ ಬೆಲ್ಜಿಯಂನ ಈಪರ್‌ನಲ್ಲಿ ಮೊದಲ ಮಹಾಯುದ್ಧದ ಷೆಲ್ಲು ಸಿಡಿದು ಇಬ್ಬರು ಕಟ್ಟಡ ಕಾರ್ಮಿಕರು ಹೋದರು. ವಯಸ್ಸಾದಷ್ಟೂ ಇವು ಮೆತ್ತಗಾಗುವುದಿಲ್ಲ, ಕೆಲವು ಬಗೆಯವು ಇನ್ನಷ್ಟು ಸೂಕ್ಷ್ಮವಾಗುತ್ತವೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬಿಲ್ಲೆ ಕೈಗೆ ಬಂದ ದಿನವೇ, ಮೆಸೇಜು ಹಾಕುವ ಮೊದಲೇ, ಮಣ್ಣು ಬಿಡಲಿ ಎಂದು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಿದ್ದೆ. ಕಬ್ಬಿಣಕ್ಕೆ ಮಾಡಿ ಅಭ್ಯಾಸವಾಗಿತ್ತು. ಇದು ಸತುವಿನದು. ವಿನೆಗರ್ ಸತುವನ್ನು ಕರಗಿಸುತ್ತದೆ. ಬೆಳಿಗ್ಗೆ ನೋಡಿದರೆ ಬಟ್ಟಲಲ್ಲಿ ಬಿಳಿ ಕದಡು, ತಗಡು ನುಣ್ಣಗೆ ಹೊಳೆಯುತ್ತಿತ್ತು, ನನಗೋ ಖುಷಿ. ಮೇಲಿನ ಅರ್ಧದ ಅಂಕಿಗಳನ್ನು ನೆಲ ಆಗಲೇ ತಿಂದಿತ್ತು. ಕೆಳಗಿನ ಅರ್ಧದಲ್ಲಿ ಓದಲು ಬರುತ್ತಿದ್ದದ್ದನ್ನು ನಾನು ತಿನ್ನಿಸಿದೆ. ಮೊದಲೇ ಫೋಟೋ ತೆಗೆದಿರಲಿಲ್ಲ. ಮಾರಿದವನ ಫೋಟೋದಲ್ಲಿ ಅಂಕಿಗಳ ಮೇಲೆ ಮಸುಕು ಎಳೆದಿತ್ತು, ಯಾರೂ ಹುಡುಕಿಕೊಂಡು ಬರದಿರಲಿ ಎಂದು.

ಆ ತುಕಡಿಗಳ ಪಟ್ಟಿಗಳು ಬರ್ಲಿನ್ನಿನಲ್ಲಿವೆ. ನೋಡಿಕೊಳ್ಳುತ್ತಿದ್ದ ಕಚೇರಿ 2019ರಿಂದ ಜರ್ಮನಿಯ ರಾಷ್ಟ್ರೀಯ ದಾಖಲೆ ಸಂಗ್ರಹಾಲಯಕ್ಕೆ ಸೇರಿದೆ. ಅಲ್ಲಿಗೆ ಎಲ್ಲ ಬರೆದು ಫೋಟೋ ಸಮೇತ ಕಳಿಸಿದ್ದೇನೆ, ಮಾರಿದವನ ಜೊತೆಗಿನ ಮೆಸೇಜುಗಳನ್ನೂ ಸೇರಿಸಿ. ತುಕಡಿಯ ಹೆಸರು ಓದಲು ಬರುತ್ತದೆ. ಕ್ರಮಸಂಖ್ಯೆಯ ಮೊದಲ ಎರಡು ಅಂಕಿಯೂ ಬರುತ್ತದೆ. ಕೊನೆಯದು ಭೂತಗನ್ನಡಿಯಲ್ಲಿ ಒಮ್ಮೆ 3ರಂತೆ ಕಾಣುತ್ತದೆ, ದೀಪವನ್ನು ಸ್ವಲ್ಪ ಆಚೆ ಸರಿಸಿದರೆ 8.