ಸಿಯೆನಾದ ಪಾಲಿಯೋ ನೋಡಲು ಹೋಗುವವರೇ, ಚೌಕದ ನಡುವಿನ ಜಾಗಕ್ಕೆ ಯಾರಿಗೂ ದುಡ್ಡು ಕೊಡಬೇಡಿ

ಜುಲೈ ಅಥವಾ ಆಗಸ್ಟ್‌ನಲ್ಲಿ ಇಟಲಿಗೆ ಹೊರಟಿದ್ದೀರಾ? ಜೊತೆಗೆ ವಯಸ್ಸಾದ ಅಪ್ಪ ಅಮ್ಮನನ್ನೋ ಅತ್ತೆ ಮಾವನನ್ನೋ ಕರೆದುಕೊಂಡು ಹೋಗುತ್ತಿದ್ದೀರಾ? ಹಾಗಿದ್ದರೆ ಇದನ್ನು ದಯವಿಟ್ಟು ಪೂರ್ತಿ ಓದಿ.

ಸಿಯೆನಾ ಊರಿನ ಪಾಲಿಯೋ ಕುದುರೆ ಓಟ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಜುಲೈ 2 ಮತ್ತು ಆಗಸ್ಟ್ 16ರಂದು. ಊರಿನಲ್ಲಿ 17 ಕೇರಿಗಳಿವೆ. ಒಂದು ಓಟಕ್ಕೆ 10 ಕೇರಿಗಳ ಕುದುರೆಗಳು ಮಾತ್ರ ಇಳಿಯುತ್ತವೆ. ಪಿಯಾಟ್ಸಾ ಡೆಲ್ ಕಾಂಪೋ ಅನ್ನುವ ಹಳೆಯ ಚೌಕದ ಅಂಚಿಗೆ ಹಳದಿ ಮಣ್ಣು ಹಾಸಿ ಗಟ್ಟಿ ಮಾಡುತ್ತಾರೆ. ಸವಾರರು ಜೀನಿಲ್ಲದ ಕುದುರೆಯ ಬೆನ್ನ ಮೇಲೆ ಕೂತು ಆ ಮಣ್ಣಿನ ಹಾದಿಯಲ್ಲಿ ಮೂರು ಸುತ್ತು ಹಾಕುತ್ತಾರೆ. ಸವಾರ ಉರುಳಿ ಬಿದ್ದರೂ ಪರವಾಗಿಲ್ಲ, ಕುದುರೆ ಮೊದಲು ಬಂದರೆ ಆ ಕೇರಿ ಗೆದ್ದಂತೆ. ಎಲ್ಲ ಸೇರಿ ಒಂದೂವರೆ ನಿಮಿಷ ಹಿಡಿದರೆ ಹೆಚ್ಚು. ಆದರೆ ಆ ಒಂದೂವರೆ ನಿಮಿಷಕ್ಕಾಗಿ ನೀವು ಎಷ್ಟು ಹೊತ್ತು, ಎಲ್ಲಿ, ಹೇಗೆ ನಿಂತಿರಬೇಕು ಅನ್ನುವುದನ್ನು ಟಿಕೆಟ್ ಮಾರುವವರು ಹೇಳುವುದಿಲ್ಲ.

ನಾವು ಹೋಗಿದ್ದು ಆಗಸ್ಟ್ ಓಟಕ್ಕೆ. ನಾನು, ನನ್ನ ಹೆಂಡತಿ, ನಮ್ಮ ಮಾವ. ಮಾವನಿಗೆ ಸಕ್ಕರೆ ಕಾಯಿಲೆ ಇದೆ. ಅದಕ್ಕೇ ಬುಕ್ ಮಾಡುವ ಮೊದಲೇ ಏಜೆಂಟನಿಗೆ ಬರೆದು ಕೇಳಿದ್ದೆ: ಕೂರಲು ಜಾಗ ಇದೆಯಾ, ಶೌಚಾಲಯ ಇದೆಯಾ, ಮಧ್ಯದಲ್ಲಿ ಹೊರಗೆ ಬರಬಹುದಾ? ಎಲ್ಲದಕ್ಕೂ ಹೌದು ಅಂತ ಉತ್ತರ ಬಂತು. "ಚೌಕದ ಒಳಗಿನ ವಿಶೇಷ ಜಾಗ" ಅಂತ ಹೇಳಿ ತಲೆಗೆ ನೂರು ಯೂರೋಗಿಂತ ಜಾಸ್ತಿ ತೆಗೆದುಕೊಂಡರು.

ಗೇಟಿನಲ್ಲಿ ನಿಂತಿದ್ದ ಕಾವಲಿನವನಿಗೆ ಏಜೆಂಟ್ ಕೊಟ್ಟ ಟಿಕೆಟ್ಟಿನ ಪ್ರಿಂಟ್ ತೋರಿಸಿದೆ. ಆತ ತಿರುಗಿಸಿ ನೋಡಿ ವಾಪಸ್ ಕೊಟ್ಟ. ಇಲ್ಲಿಗೆ ಟಿಕೆಟ್ಟೇ ಇಲ್ಲ, ಎಲ್ಲರಿಗೂ ಪುಕ್ಕಟೆ, ಒಳಗೆ ಹೋಗಿ ಅಂದ. ನಮ್ಮ ಹಿಂದೆ ಚಿಕ್ಕ ಮಗುವಿನ ಜೊತೆ ಬಂದಿದ್ದ ಗಂಡ ಹೆಂಡತಿಯನ್ನು ಒಳಗೆ ಬಿಡಲೇ ಇಲ್ಲ. ಈಚಿನ ವರ್ಷಗಳಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಚೌಕದ ನಡುವೆ ಪ್ರವೇಶವಿಲ್ಲ. ಅವರೂ ಯಾರಿಗೋ ದುಡ್ಡು ಕೊಟ್ಟು ಬಂದವರೇ.

ಒಳಗೆ ಕುರ್ಚಿ ಇಲ್ಲ, ನೆರಳಿಲ್ಲ, ಶೌಚಾಲಯ ಇಲ್ಲ. ಇಟ್ಟಿಗೆ ನೆಲ, ಅದೂ ಇಳಿಜಾರು. ಮಧ್ಯಾಹ್ನದ ಬಿಸಿಲಿಗೆ ಕಾದು ಚಪ್ಪಲಿಯ ಮೂಲಕ ಬಿಸಿ ಹತ್ತುತ್ತಿತ್ತು. ಬೇಲಿಯ ಪಕ್ಕ ಬೇಗ ಬಂದವರು ಜಾಗ ಹಿಡಿದಿದ್ದರು. ನಡುವೆ ನಿಂತವರಿಗೆ ಕಾಣುವುದು ಬರೀ ಮುಂದಿನವರ ತಲೆ. ಆಮೇಲೆ ದ್ವಾರಗಳನ್ನು ಮುಚ್ಚಿದರು. ಹಳೆ ಕಾಲದ ಉಡುಪಿನ ಮೆರವಣಿಗೆ ಶುರುವಾಯಿತು. ಬಾವುಟ ತಿರುಗಿಸುವವರು, ತಮಟೆಯವರು, ಎತ್ತಿನ ಗಾಡಿ, ಒಂದಾದ ಮೇಲೊಂದು. ನಿಜಕ್ಕೂ ಚೆಂದ, ಸುಳ್ಳು ಹೇಳಲ್ಲ. ಆದರೆ ಅದು ಮುಗಿಯುವ ಹೊತ್ತಿಗೆ ಮಾವ ನನ್ನ ಭುಜಕ್ಕೆ ಒರಗಿ ನಿಂತಿದ್ದರು.

ಇನ್ನೇನು ಓಟ ಅಂದುಕೊಂಡೆವು. ಇಲ್ಲ. ಒಂಬತ್ತು ಕುದುರೆಗಳು ಎರಡು ಹಗ್ಗಗಳ ನಡುವೆ ಸಾಲಾಗಿ ನಿಲ್ಲಬೇಕು. ಹತ್ತನೆಯದು ಹಿಂದಿನಿಂದ ನುಗ್ಗಿ ಬಂದಾಗಲೇ ಹಗ್ಗ ಬೀಳುತ್ತದೆ. ಆ ಹತ್ತನೆಯ ಸವಾರ ತನಗೆ ಅನುಕೂಲವಾಗುವ ಗಳಿಗೆಗೆ ಕಾಯುತ್ತಾನೆ. ಸಾಲಿನಲ್ಲಿ ನಿಂತ ಸವಾರರು ಅಲ್ಲೇ ಪಿಸುಗುಟ್ಟಿ ತಮ್ಮತಮ್ಮಲ್ಲಿ ವ್ಯವಹಾರ ಕುದುರಿಸುತ್ತಾರೆ. ಕುದುರೆಗಳು ಒದ್ದಾಡುತ್ತವೆ, ಸಾಲು ಕೆಡುತ್ತದೆ, ಎಲ್ಲರನ್ನೂ ಹೊರಗೆ ಕಳಿಸಿ ಮತ್ತೆ ಹೆಸರು ಕರೆಯುತ್ತಾರೆ. ಇದಕ್ಕೆ ಇಂತಿಷ್ಟೇ ಹೊತ್ತು ಅಂತಿಲ್ಲ, ಒಂದು ಗಂಟೆ ದಾಟಿದರೂ ದಾಟಿತು.

ಆಗಲೇ ಮಾವನ ಕೈ ನಡುಗತೊಡಗಿತು. ಹಣೆಯಲ್ಲಿ ತಣ್ಣನೆಯ ಬೆವರು. "ಅಪ್ಪಾ, ಕೂತ್ಕೊಳ್ಳಿ" ಅಂದಳು ಇವಳು. "ನಂಗೇನಾಗಿಲ್ಲ ಕಣಮ್ಮ" ಅನ್ನುತ್ತಲೇ ಅವರು ಕುಸಿದರು. ಬಾಯಿಗೆ ಒಂದು ಚೂರು ಕಡಲೆ ಮಿಠಾಯಿ ಇಟ್ಟೆವು. ಅದು ಜೇಬಿನಲ್ಲಿ ಇದ್ದಿದ್ದು ನಮ್ಮ ಪುಣ್ಯ. ಪಕ್ಕದಲ್ಲಿದ್ದ ಸಿಯೆನಾದ ಮುದುಕರೊಬ್ಬರು ಕೈ ಮೇಲೆತ್ತಿ ಕೂಗಿದರು. ಜನ ಒತ್ತರಿಸಿ ದಾರಿ ಮಾಡಿಕೊಟ್ಟರು. ಪ್ರಥಮ ಚಿಕಿತ್ಸೆಯ ಸ್ವಯಂಸೇವಕರು ಸ್ಟ್ರೆಚರ್ ತಂದರು. ಆದರೆ ಕುದುರೆಗಳು ಹಗ್ಗದ ಹತ್ತಿರ ನಿಂತಿದ್ದರಿಂದ ಹಾದಿ ದಾಟಿಸಲು ಬಿಡಲಿಲ್ಲ. ಓಟ ಮುಗಿಯುವ ತನಕ ಬೇಲಿಯ ಒಳಗೇ ಕಾದೆವು. ಯಾವ ಕೇರಿ ಗೆದ್ದಿತು ಅಂತ ನಮಗೆ ಗೊತ್ತಾಗಿದ್ದು ರಾತ್ರಿ. ಮಾವ ಮರುದಿನದಿಂದ ಆರಾಮಾಗಿದ್ದಾರೆ.

ಏಜೆಂಟನನ್ನು ಕೇಳಿದರೆ, ನಿಮ್ಮನ್ನು ಒಳಗೆ ಬಿಟ್ಟರಲ್ಲ, ನಮ್ಮ ಕೆಲಸ ಮುಗಿಯಿತು ಅಂದ! ಶೌಚಾಲಯ ಇದೆ ಅಂತ ಅವನೇ ಬರೆದ ಮೇಲ್ ಇಟ್ಟುಕೊಂಡು ಕಾರ್ಡಿನ ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ.

ದುಡ್ಡು ಕೊಟ್ಟು ನೋಡಲೇಬೇಕು ಅಂತಿದ್ದರೆ ಕೊಡಬೇಕಾದ್ದು ಚೌಕದ ಸುತ್ತ ಕಟ್ಟುವ ಮರದ ಮೆಟ್ಟಿಲ ಸೀಟಿಗೆ, ಇಲ್ಲವೇ ಮನೆಗಳ ಕಿಟಕಿ, ಬಾಲ್ಕನಿಗೆ. ಸಿಕ್ಕಾಪಟ್ಟೆ ದುಬಾರಿ. ಆದರೂ ಯಾವ ಕಟ್ಟಡ, ಎಷ್ಟನೇ ಸಾಲು ಅಂತ ಬರಹದಲ್ಲಿ ಪಡೆಯಿರಿ. ಮಳೆ ಬಂದರೆ ದುಡ್ಡು ಏನಾಗುತ್ತದೆ ಅಂತಲೂ ಕೇಳಿ. ಮಣ್ಣು ನೆನೆದರೆ ಓಟ ಮುಂದಕ್ಕೆ ಹೋಗುತ್ತದೆ, ಪುರಭವನದ ಕಿಟಕಿಯಲ್ಲಿ ಹಸಿರು ಬಾವುಟ ತೂಗುಹಾಕುತ್ತಾರೆ. 2024ರ ಜುಲೈ ಓಟ 2ರ ಬದಲು 4ಕ್ಕೆ ನಡೆಯಿತು. ವಾಪಸ್ ಬರುವ ವಿಮಾನ ಮರುದಿನವೇ ಇದ್ದರೆ ಎಲ್ಲವೂ ನೀರಲ್ಲಿ ಹೋಮ.

ವಯಸ್ಸಾದವರು ಜೊತೆಗಿದ್ದರೆ ನನ್ನ ಸಲಹೆ ಬೇರೆ. ಓಟಕ್ಕೆ ಮುಂಚಿನ ದಿನಗಳಲ್ಲಿ ಅದೇ ಚೌಕದಲ್ಲಿ, ಅದೇ ಕುದುರೆಗಳ ಪ್ರಯೋಗದ ಓಟಗಳು ಬೆಳಗ್ಗೆ, ಸಂಜೆ ನಡೆಯುತ್ತವೆ. ಒಟ್ಟು ಆರು. ಮೆಟ್ಟಿಲ ಸೀಟು ಆಗ ಅಗ್ಗ, ಜನ ಕಡಿಮೆ. ಕೇರಿಯ ಹುಡುಗರು ಕುದುರೆಯ ಹಿಂದೆ ಹಾಡುತ್ತಾ ಬರುವುದನ್ನೂ ಹತ್ತಿರದಿಂದ ನೋಡಬಹುದು. ಬೆಳಗ್ಗೆಯ ಓಟಕ್ಕೆ ಹೋದರೆ ಬಿಸಿಲು ಏರುವ ಮೊದಲೇ ರೂಮಿಗೆ ವಾಪಸ್ ಬರಬಹುದು.