ಲ್ಯಾಬಿನ ತಾಮ್ರದ ಕ್ಯಾಲೊರಿಮೀಟರ್: ಪೆಟ್ಟಿಗೆ ಇರಲಿ, ಲೋಟ ಬದಲಿಸಿ

ಶಾಖ ಅಳೆಯಲು ಹೈಸ್ಕೂಲು ಲ್ಯಾಬಿಗೆ ಸಾಮಾನ್ಯವಾಗಿ ಬರುವ ಸೆಟ್ಟು ಇದು: ಮರದ ಪೆಟ್ಟಿಗೆ, ಒಳಗೆ ಫೆಲ್ಟ್ (ಒತ್ತಿದ ಉಣ್ಣೆಬಟ್ಟೆ) ಹಾಸು, ತಾಮ್ರದ ಲೋಟ, ಕಲಕಲು ಸ್ಟಿರರ್, ಎರಡು ತೂತಿನ ಮುಚ್ಚಳ. ಕಾದ ಲೋಹದ ತುಂಡನ್ನು ನೀರಿಗೆ ಹಾಕಿ ವಿಶಿಷ್ಟೋಷ್ಣ ಅಳೆಯಲು ಇಷ್ಟು ಸಾಕು. ತಟಸ್ಥೀಕರಣದ ಶಾಖ (ಆಮ್ಲ, ಕ್ಷಾರ ಬೆರೆತಾಗ ಹೊರಬರುವ ಶಾಖ) ಅಳೆಯಲು ಅದೇ ಲೋಟದಲ್ಲಿ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕಾಸ್ಟಿಕ್ ಸೋಡಾ ಬೆರೆಸಿದರೆ ತಕರಾರು ಶುರು.

ಮೊದಲನೆಯದು ಕಿಲುಬು. ತೀರ್ಥಹಳ್ಳಿ, ಹೊಸನಗರದ ಮಳೆಗಾಲದಲ್ಲಿ ತಾಮ್ರ ಹೊಳಪು ಉಳಿಸಿಕೊಳ್ಳುವುದೇ ಕಷ್ಟ. ಆಮ್ಲ ಬಿದ್ದರೆ ಕಿಲುಬು ಕರಗಿ ದ್ರಾವಣ ಹಸಿರಾಗುತ್ತದೆ, ಒಂದಿಷ್ಟು ಆಮ್ಲ ಅಲ್ಲೇ ಖರ್ಚಾಗುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಬಹುದು, ಆದರೆ ಎರಡನೆಯ ತಕರಾರಿಗೆ, ತಾಮ್ರ ನುಂಗುವ ಶಾಖಕ್ಕೆ, ಹುಣಸೆಹಣ್ಣಿನಲ್ಲಿ ಮದ್ದಿಲ್ಲ. ಲೋಟ, ಸ್ಟಿರರ್ ಸೇರಿ 90 ಗ್ರಾಂ ಇದ್ದರೆ ಪ್ರತಿ ಡಿಗ್ರಿಗೆ ಸುಮಾರು 35 ಜೌಲ್ ಅವಕ್ಕೇ ಹೋಗುತ್ತದೆ, 100 ಮಿ.ಲೀ. ದ್ರಾವಣಕ್ಕೆ 418. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಒಂದು ಮೋಲ್ ಆಮ್ಲಕ್ಕೆ 57 ಕಿಲೋಜೌಲ್ ಬರಬೇಕಾದ ಕಡೆ 52–53 ಬರುತ್ತದೆ.

ಪೆಟ್ಟಿಗೆ, ಮುಚ್ಚಳ ಚೆನ್ನಾಗಿವೆ. ತಾಮ್ರ ತೆಗೆದು 200 ಮಿ.ಲೀ.ನ ಎರಡು ಪೇಪರ್ ಲೋಟಗಳನ್ನು ಒಂದರೊಳಗೊಂದು ಇಟ್ಟು ಕೂರಿಸಿ, ಗಾಜಿನ ಕಡ್ಡಿಯಿಂದ ಕಲಕಿ. 1 ಮೋಲಾರ್ (ಲೀಟರಿಗೆ 1 ಮೋಲ್) ಆಮ್ಲ 50 ಮಿ.ಲೀ., 1.1 ಮೋಲಾರ್ ಕಾಸ್ಟಿಕ್ ಸೋಡಾ 50 ಮಿ.ಲೀ. ಸೋಡಾ ಹೆಚ್ಚೇಕೆಂದರೆ, ಅದರ ಹರಳು ತೇವ ಹೀರಿ ತೂಕದಲ್ಲಿ ಮೋಸ ಮಾಡುತ್ತದೆ. ಡಬ್ಬಿ ತೆರೆದಿಟ್ಟರೆ ನಮ್ಮ ಮಳೆಯಲ್ಲಿ ಪಾಕವೇ ಆದೀತು. ಲೆಕ್ಕ ಆಮ್ಲದ 0.05 ಮೋಲ್ ಮೇಲೆ ನಿಂತರೆ ಆ ಚಿಂತೆಯಿಲ್ಲ. 100 ಮಿ.ಲೀ.ಗೆ 4.4 ಗ್ರಾಂ ಸೋಡಾ ಹಾಕಿ, ಹಿಂದಿನ ದಿನವೇ ಕರಗಿಸಿಡಿ. ಕರಗುವಾಗಲೇ 10 ಡಿಗ್ರಿಗೂ ಹೆಚ್ಚು ಬಿಸಿಯಾಗುತ್ತದೆ, ಆರದೆ ಬಳಸಿದರೆ ಉತ್ತರ ಕೆಟ್ಟಿತೆಂದೇ ಲೆಕ್ಕ. ಸುರಕ್ಷಾ ಕನ್ನಡಕ ಹಾಕದ ಮಕ್ಕಳ ಕೈಗೆ ಸೋಡಾ ಕೊಡಬೇಡಿ.

ಸೆಟ್ಟಿನ ಜೊತೆ ಕೊಡುವ 110 ಡಿಗ್ರಿಯ ಥರ್ಮಾಮೀಟರ್ ಮಾತ್ರ ದಂಡ. ಏರುವುದೇ ಆರೂವರೆ ಡಿಗ್ರಿ ಚಿಲ್ಲರೆ; ಒಂದು ಡಿಗ್ರಿಯ ಗೆರೆಯಲ್ಲಿ ಅರ್ಧ ಡಿಗ್ರಿ ತಪ್ಪಿದರೂ ನೂರಕ್ಕೆ ಏಳೆಂಟು ಪಾಲು ಹೋಯಿತು. 0–50ರ, 0.1 ಅಥವಾ 0.2 ಡಿಗ್ರಿ ಗೆರೆಯದು ಬೇರೆ ಕೊಳ್ಳಿ. ಬೆರೆಸುವ ಮೊದಲು ಎರಡೂ ದ್ರಾವಣದ ತಾಪ ಒಂದೇ ಇರಬೇಕು. ಬೆರೆಸಿದ ಮೇಲೆ ಐದು ನಿಮಿಷ, 30 ಸೆಕೆಂಡಿಗೊಮ್ಮೆ ಬರೆದುಕೊಂಡು ಗ್ರಾಫ್ ಎಳೆಯಿರಿ. ಇಳಿಯುವ ಗೆರೆಯನ್ನು ಬೆರೆಸಿದ ಕ್ಷಣದವರೆಗೆ ಹಿಂದಕ್ಕೆ ಎಳೆದಾಗ ಸಿಗುವ ತಾಪವನ್ನೇ ಹಿಡಿಯಿರಿ.

ಫೆಲ್ಟ್ ಒದ್ದೆಯಾದರೆ ಶಾಖ ತಡೆಯುವುದಿಲ್ಲ, ಬೂಷ್ಟೂ ಹಿಡಿಯುತ್ತದೆ. ಜೂನ್‌ಗೆ ಮುಂಚೆ ಬಿಸಿಲಿಗೆ ಹಾಕಿಡಿ.