ಆಂಕಿ ಆ್ಯಪ್: ಪಾಂಬಾರ್ ಹೊಳೆ ಕೊನೆಗೂ ತಲೆಯಲ್ಲಿ ನಿಂತಿತು

ಕಾಸರಗೋಡಲ್ಲಿ ಕನ್ನಡ ಮೀಡಿಯಂ ಓದಿ ಕೇರಳ ಪಿಎಸ್‌ಸಿ ನೌಕರಿ ಪರೀಕ್ಷೆಗೆ ತಯಾರಿ ಮಾಡುತ್ತಿರುವ ನನ್ನಂಥವರಿಗೆ, ಓದಿದ್ದನ್ನು ಪ್ರಶ್ನೋತ್ತರದ ಕಾರ್ಡುಗಳಲ್ಲಿ ಮತ್ತೆ ಮತ್ತೆ ಕೇಳಿ ನೆನಪಿಡಿಸುವ ಆಂಕಿ ಒಳ್ಳೆಯ ಆ್ಯಪ್. ಆದರೆ ಯಾರೋ ಮಾಡಿಟ್ಟ ಕಾರ್ಡುಗಳನ್ನು ಸುಮ್ನೆ ಡೌನ್‌ಲೋಡ್ ಮಾಡಿಕೊಂಡರೆ ಜಾಸ್ತಿ ಪ್ರಯೋಜನ ಇಲ್ಲ.

ಕಾರ್ಡಿನ ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ನೆನಪು ಮಾಡಿಕೊಂಡು ತಿರುಗಿಸಿ ನೋಡಬೇಕು, ಎಷ್ಟು ಸಲೀಸಾಗಿ ಬಂತು ಅಂತ ಬಟನ್ ಒತ್ತಬೇಕು. ತಪ್ಪಿದ್ದು ಬೇಗ ಮರಳಿ ಬರುತ್ತದೆ, ಗೊತ್ತಿದ್ದದ್ದು ವಾರ, ತಿಂಗಳು ಬಿಟ್ಟು. ಇದರ ಹಿಂದಿನ ವಿಚಾರ ಹಳೆಯದು. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಪದಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು, ಆಮೇಲೆ ಮರೆವು ನಿಧಾನವಾಯಿತು. ಅರ್ಥವೇ ಇಲ್ಲದ್ದು ನಿಲ್ಲುವುದಾದರೂ ಹೇಗೆ, ಅಲ್ವಾ?

ನನ್ನ ಪಾಲಿಗೆ ಪಾಂಬಾರ್ ಕೂಡ ಅಂಥದ್ದೇ ಆಗಿತ್ತು. ಕೇರಳದ 44 ಹೊಳೆಗಳಲ್ಲಿ ಪೂರ್ವಕ್ಕೆ ಹರಿಯುವುದು ಮೂರೇ: ಕಬಿನಿ, ಭವಾನಿ, ಪಾಂಬಾರ್. ಕಬಿನಿ ನಂಜನಗೂಡಿನಿಂದಾಗಿ ಮೊದಲೇ ಗೊತ್ತು. ಭವಾನಿ ಚಿಕ್ಕಮ್ಮನ ಹೆಸರು. ಪಾಂಬಾರ್ ಮಾತ್ರ ಪ್ರತಿ ಸಲ ಕೈಕೊಡುತ್ತಿತ್ತು. ಡೌನ್‌ಲೋಡ್ ಮಾಡಿದ ಕಾರ್ಡಿನಲ್ಲಿ ಮೂರೂ ಒಂದೇ ಸಾಲಲ್ಲಿದ್ದವು, ಎರಡು ಹೇಳಿ ನಾಲಿಗೆ ಕಚ್ಚಿಕೊಳ್ಳುವುದೇ ಆಯಿತು. ಮ್ಯಾಪ್ ತೆರೆದು ನಾನೇ ಬೇರೆ ಕಾರ್ಡ್ ಬರೆದೆ: "ಇಡುಕ್ಕಿಯ ಮರಯೂರು ಕಡೆಯಿಂದ ತಮಿಳುನಾಡಿಗೆ ಇಳಿದು ಅಮರಾವತಿ ಸೇರುವ ಹೊಳೆ ಯಾವುದು?" ಮರಯೂರು ಅಂದರೆ ಗಂಧದ ಮರ, ಬೆಲ್ಲ. ಅಮರಾವತಿ ಹೋಗಿ ಸೇರುವುದು ಕಾವೇರಿಗೆ. ಕಬಿನಿ, ಭವಾನಿಯೂ ಕಾವೇರಿಗೇ! ಇಷ್ಟು ಕಂಡ ಮೇಲೆ ಪಾಂಬಾರ್ ತಪ್ಪಿಲ್ಲ. ನಮ್ಮ ಚಂದ್ರಗಿರಿ ಪಶ್ಚಿಮಕ್ಕೆ ಹರಿಯುತ್ತದೆ ಅನ್ನಲು ಕಾರ್ಡೇ ಬೇಡ, ಬಸ್ಸು ಸೇತುವೆ ದಾಟುವಾಗ ಸಮುದ್ರದ ಕಡೆ ಕಣ್ಣು ಹಾಯಿಸಿದರೆ ಸಾಕು.

ಯಾವಾಗ ಕೇಳಬೇಕು ಅನ್ನುವುದನ್ನು ಆ್ಯಪ್ ನೋಡಿಕೊಳ್ಳುತ್ತದೆ. ಹೊಸದನ್ನು ಗೊತ್ತಿರುವುದಕ್ಕೆ ಗಂಟು ಹಾಕುವ ಕೆಲಸ ನಮ್ಮದೇ. ಹಾಗಾಗಿ ಕಾರ್ಡನ್ನು ಕನ್ನಡದಲ್ಲೇ, ನಿಮ್ಮದೇ ಮಾತಲ್ಲಿ ಬರೆಯಿರಿ, ಒಂದರಲ್ಲಿ ಒಂದೇ ವಿಷಯ ಇರಲಿ.

ಕಿರಿಕಿರಿಯೂ ಇದೆ. ಮದುವೆ, ಕೋಲ, ಜಾತ್ರೆ ಅಂತ ನಾಲ್ಕು ದಿನ ಬಿಟ್ಟರೆ ಬಾಕಿ ರಾಶಿ ಬೀಳುತ್ತದೆ. ಆಗ ಹೊಸ ಕಾರ್ಡ್ ನಿಲ್ಲಿಸಿ ಹಳೆಯದನ್ನು ಮುಗಿಸುವುದೇ ದಾರಿ. ನೋಡಲೂ ಅಂಥ ಚಂದವಿಲ್ಲ. ಆಂಡ್ರಾಯ್ಡ್‌ನಲ್ಲಿ ಆಂಕಿಡ್ರಾಯ್ಡ್ ಅಂತ ಹುಡುಕಿ, ಪೂರ್ತಿ ಉಚಿತ. ಐಫೋನ್ ಆ್ಯಪ್‌ಗೆ ದುಡ್ಡು ಕೊಡಬೇಕು, ಬೇಡವಾದರೆ ಬ್ರೌಸರಿನಲ್ಲೇ ಉಚಿತವಾಗಿ ಬಳಸಬಹುದು.